ಅಳಿಯ ಅಲ್ಲ, ಮಗಳ ಗಂಡ

ಭೂಕಂಪಕ್ಕೆ ವಕೀಲರು ಸಿಗುವುದಿಲ್ಲ. ಅದು ಸ್ಪಷ್ಟನೆ ಕೊಡುವುದಿಲ್ಲ, ವಿರೋಧಿಗಳ ಪಿತೂರಿ ಎನ್ನುವುದಿಲ್ಲ, ನಿವೃತ್ತಿಯಾದ ಮೇಲೆ ಆತ್ಮಕಥೆಯನ್ನಂತೂ ಬರೆಯುವುದೇ ಇಲ್ಲ. ಹಾಗಾಗಿ 1354ರ ಮಾರ್ಚ್ 2ರಂದು ಗಲಿಪೊಲಿಯ ಕೋಟೆ ಕುಸಿದು, ಊರು ಒಟ್ಟೊಮನ್ ತುರ್ಕರ ಕೈಸೇರಿದಾಗ ಎಲ್ಲರೂ ನೆಲದ ಕಡೆ ಬೆರಳು ತೋರಿಸಿ ನಿಟ್ಟುಸಿರು ಬಿಟ್ಟರು. ಬೈಜಾಂಟೈನ್ ಅರಮನೆ ಅದನ್ನು ದೈವಕೋಪ ಎಂದಿತು, ಒಟ್ಟೊಮನ್ ಪಾಳೆಯ ದೈವಕೃಪೆ ಎಂದಿತು. ಎದುರಾಳಿಗಳಿಬ್ಬರೂ ಒಬ್ಬನೇ ಆರೋಪಿಯನ್ನು ಒಪ್ಪಿಕೊಂಡರೆಂದರೆ, ನಿಜವಾದ ಆರೋಪಿ ಸಹಿ ಹಾಕಿ ಮನೆಗೆ ಹೋಗಿ ಬಹಳ ಹೊತ್ತಾಯಿತು ಎಂದೇ ಅರ್ಥ.

ಗಲಿಪೊಲಿ ಇರುವುದು ಡಾರ್ಡನೆಲ್ಸ್ ಜಲಸಂಧಿಯ ಯೂರೋಪಿನ ದಡದಲ್ಲಿ. ಎದುರು ದಡ ಏಷ್ಯಾ, ನಡುವೆ ಕೆಲವೇ ಕಿಲೋಮೀಟರ್ ನೀರು. ಈ ಊರು ಯಾರ ಕೈಲಿದೆಯೋ ಅವರ ಅಪ್ಪಣೆಯಿಲ್ಲದೆ ಈ ದಡದ ಸೈನ್ಯ ಆ ದಡಕ್ಕೆ ನೆಮ್ಮದಿಯಾಗಿ ದಾಟುವಂತಿರಲಿಲ್ಲ. ಹಾಗೆ ನೋಡಿದರೆ ಬೈಜಾಂಟೈನ್ ಸಾಮ್ರಾಜ್ಯಕ್ಕೆ ಊರು ಕಳೆದುಕೊಳ್ಳುವುದು ಹೊಸದೇನಲ್ಲ. 1326ರಲ್ಲಿ ಬುರ್ಸಾ, 1331ರಲ್ಲಿ ನೈಸಿಯಾ, 1337ರಲ್ಲಿ ನಿಕೊಮೀಡಿಯಾ ಹೋಗಿದ್ದವು. ಆದರೆ ಅವೆಲ್ಲ ಮರ್ಯಾದೆಯಿಂದ ಸೋತ ಊರುಗಳು. ಹೊರಗೆ ವರ್ಷಗಟ್ಟಲೆ ದಿಗ್ಬಂಧನ, ಒಳಗೆ ಹಸಿವು, ರಾಜಧಾನಿಯಿಂದ ಬಾರದ ನೆರವು, ಕೊನೆಗೆ ಶರಣಾಗತಿ. ಗಲಿಪೊಲಿಯದು ಹಾಗಲ್ಲ. ಅದು ಹೋಗುವ ಮೊದಲು ಮಾತುಕತೆ, ಮದುವೆ, ಬೀಗರ ಔತಣ ಎಲ್ಲವೂ ಶಾಸ್ತ್ರೋಕ್ತವಾಗಿ ಮುಗಿದಿದ್ದವು.

ಮೊದಲು ನಡೆದದ್ದು ಒಂದು ಉಳಿತಾಯ. 1285ರಲ್ಲಿ ಚಕ್ರವರ್ತಿ ಎರಡನೇ ಆಂಡ್ರೋನಿಕೋಸ್ ಖರ್ಚು ಜಾಸ್ತಿಯಾಯಿತೆಂದು ನೌಕಾಪಡೆಯನ್ನೇ ಮುಚ್ಚಿದ. ಪಶ್ಚಿಮದ ದೊಡ್ಡ ಶತ್ರು ಆಂಜೂವಿನ ಚಾರ್ಲ್ಸ್ ಸತ್ತಿದ್ದಾನೆ, ಸಮುದ್ರ ಕಾಯಲು ದೇವರಿದ್ದಾನೆ, ತೀರಾ ಬೇಕಾದರೆ ಜಿನೋವಾದವರ ಹಡಗುಗಳಿವೆ ಎಂಬ ಲೆಕ್ಕಾಚಾರ. ಕೆಲಸ ಕಳೆದುಕೊಂಡ ನಾವಿಕರಲ್ಲಿ ಹಲವರು ಹೊಟ್ಟೆಪಾಡಿಗೆ ತುರ್ಕರ ಹಡಗು ಹತ್ತಿದರು. ಇವರಿಗೆ ಸಂಬಳ ಉಳಿಯಿತು, ಅವರಿಗೆ ತರಬೇತಿಯ ಖರ್ಚು ಉಳಿಯಿತು. ಎರಡೂ ಕಡೆಗೆ ಇಷ್ಟೊಂದು ಲಾಭ ತಂದ ಮಿತವ್ಯಯ ಇತಿಹಾಸದಲ್ಲಿ ಅಪರೂಪ.

ಉಳಿಸಿದ ದುಡ್ಡು ಬಾಡಿಗೆ ಸೈನಿಕರಿಗೆ ಹೋಯಿತು. 1303ರಲ್ಲಿ ತುರ್ಕರನ್ನು ಓಡಿಸಲು ಅದೇ ಆಂಡ್ರೋನಿಕೋಸ್ ಸ್ಪೇನಿನ ಕಡೆಯ ಕ್ಯಾಟಲನ್ ಪಡೆಯನ್ನು ಕರೆಸಿದ. ಅದರ ನಾಯಕ ರೋಜರ್ ಡಿ ಫ್ಲೋರ್‌ಗೆ ಸಂಬಳದ ಮಾತಾಡಿದ್ದಲ್ಲದೆ ತನ್ನ ಸೋದರಿಯ ಮಗಳನ್ನೂ ಕೊಟ್ಟ. ಸಂಬಳ ಸರಿಯಾಗಿ ಬರಲಿಲ್ಲ, ಜಗಳ ಬೆಳೆಯಿತು, 1305ರಲ್ಲಿ ರೋಜರ್‌ನ ಕೊಲೆಯೂ ಆಯಿತು. ಸಿಟ್ಟಿಗೆದ್ದ ಪಡೆ ಗಲಿಪೊಲಿಯಲ್ಲೇ ಬಿಡಾರ ಹೂಡಿ ಥ್ರೇಸ್ ಪ್ರಾಂತವನ್ನು ಮನಸೋ ಇಚ್ಛೆ ದೋಚಿತು. ಬಾಡಿಗೆಯ ಕತ್ತಿಗೆ ಮನೆಮಗಳನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಬೇರೆ ದೇಶದ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಇದೇ ಊರಿನ ಗೋಡೆಗಳನ್ನು ಕೇಳಿದ್ದರೆ ಹೇಳುತ್ತಿದ್ದವು.

ಗೋಡೆಗಳನ್ನು ಯಾರೂ ಕೇಳಲಿಲ್ಲ. 1341ರಲ್ಲಿ ಚಕ್ರವರ್ತಿ ಮೂರನೇ ಆಂಡ್ರೋನಿಕೋಸ್ ತೀರಿಕೊಂಡಾಗ ಮಗ ಐದನೇ ಯೋವಾನ್ನಿಸ್‌ಗೆ ಒಂಬತ್ತು ವರ್ಷ. ಹುಡುಗನ ಹೆಸರಿನಲ್ಲಿ ರಾಜ್ಯ ಆಳುವವರು ಯಾರು? ತಾಯಿ, ಸವಾಯ್‌ನ ಅನ್ನಾ, ನಾನು ಎಂದಳು. ಸತ್ತ ದೊರೆಯ ಆಪ್ತಮಿತ್ರನೂ ಸೇನಾಪತಿಯೂ ಆಗಿದ್ದ ಕಾಂಟಕುಜೆನೋಸ್ ನಾನು ಎಂದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನು ದಿದಿಮೊತಿಖೊ ಊರಿನಲ್ಲಿ ಪಟ್ಟ ಕಟ್ಟಿಸಿಕೊಂಡ. ಆ ದಿನ ಹೊಲಿಸಿದ್ದ ರಾಜಪೋಷಾಕಿನ ಒಳಂಗಿ ತೀರಾ ಬಿಗಿ, ಮೇಲಂಗಿ ತೀರಾ ಸಡಿಲ ಎಂದು ತಾನೇ ಬರೆದಿಟ್ಟಿದ್ದಾನೆ. ಆದರೂ ಬಿಚ್ಚಲಿಲ್ಲ. ಅಳತೆಗೆ ಕೂರದ ಆ ಬಟ್ಟೆಗಾಗಿ ಆರು ವರ್ಷ ಅಂತರ್ಯುದ್ಧ ನಡೆಯಿತು.

ಯುದ್ಧಕ್ಕೆ ದುಡ್ಡು ಬೇಕಲ್ಲ. 1343ರಲ್ಲಿ ಅನ್ನಾ ಕಿರೀಟದ ಒಡವೆಗಳನ್ನು ವೆನಿಸ್‌ನವರ ಹತ್ತಿರ 30,000 ಡ್ಯುಕಾಟ್‌ಗೆ ಗಿರವಿ ಇಟ್ಟಳು. ಅವನ್ನು ಬಿಡಿಸಿಕೊಳ್ಳುವ ಯೋಗ ಸಾಮ್ರಾಜ್ಯಕ್ಕೆ ಕೊನೆತನಕ ಬರಲಿಲ್ಲ. ಯುದ್ಧಕ್ಕೆ ಆಳೂ ಬೇಕಲ್ಲ. ಈ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಅಪೂರ್ವ ಒಮ್ಮತವಿತ್ತು: ತುರ್ಕರನ್ನು ಕರೆಯೋಣ. ಕಾಂಟಕುಜೆನೋಸ್ ಮೊದಲು ಐದಿನ್ ಸಂಸ್ಥಾನದ ಉಮೂರ್‌ನನ್ನು ಕರೆದ, ಅನ್ನಾ ಸಾರುಹಾನ್ ಸಂಸ್ಥಾನದವರನ್ನು ಕರೆದಳು. ಬಂದವರಿಗೆ ಸಂಬಳ ಕೊಡುವ ಶಕ್ತಿ ಯಾರಿಗೂ ಇಲ್ಲದ್ದರಿಂದ ಥ್ರೇಸಿನ ರೈತರ ದನಕರು, ಹೆಂಡಿರು ಮಕ್ಕಳೇ ಸಂಬಳವಾದರು. ಅನ್ನಾ ಕರೆಸಿದ ಪಡೆ ಇಲ್ಲಿ ದೋಚಲು ಏನೂ ಉಳಿದಿಲ್ಲವೆಂದು ಬೇಸರಗೊಂಡು ಪಕ್ಕದ ಬಲ್ಗೇರಿಯಾಕ್ಕೆ ಹೋಯಿತು. ನಾಡನ್ನು ರಕ್ಷಿಸುವ ಪೈಪೋಟಿ ಎಂದರೆ ಹೀಗಿರಬೇಕು: ದರೋಡೆಗೆ ಬಂದವರಿಗೂ ಅಯ್ಯೋ ಅನ್ನಿಸುವಂತೆ.

ಇಲ್ಲಿಗೆ ಓರ್ಹಾನ್ ಪ್ರವೇಶ. ಒಟ್ಟೊಮನ್ ಮನೆತನದ ಎರಡನೆಯ ದೊರೆ, ಬುರ್ಸಾ, ನೈಸಿಯಾ, ನಿಕೊಮೀಡಿಯಾ ಮೂರನ್ನೂ ನುಂಗಿದವನು. 1329ರಲ್ಲಿ ಪೆಲೆಕಾನನ್ ಯುದ್ಧದಲ್ಲಿ ಇವನ ಎದುರು ಸೋತು ಓಡಿದ ಚಕ್ರವರ್ತಿಯ ಜೊತೆ ಕಾಂಟಕುಜೆನೋಸ್ ಸ್ವತಃ ಇದ್ದ. ಹಾಗಾಗಿ ಓರ್ಹಾನ್‌ನ ಯೋಗ್ಯತೆ ಎಷ್ಟೆಂದು ಬೇರೆಯವರಿಂದ ವಿಚಾರಿಸಿ ತಿಳಿಯಬೇಕಾಗಿರಲಿಲ್ಲ. 1346ರಲ್ಲಿ ಮಗಳು ಥಿಯೊಡೋರಾಳನ್ನು ಅವನಿಗೇ ಕೊಟ್ಟ. ವಯಸ್ಸಿನಲ್ಲಿ ಅಳಿಯನೇ ಮಾವನಿಗಿಂತ ಹಿರಿಯನಿದ್ದಂತೆ ಕಾಣುತ್ತದೆ.

ಮದುವೆಯ ವರ್ಣನೆಯನ್ನು ಹೆಣ್ಣಿನ ತಂದೆಯೇ ಬರೆದಿದ್ದಾನೆ. ಸೆಲಿಂಬ್ರಿಯಾ ಪಟ್ಟಣದ ಬಯಲಿನಲ್ಲಿ ಮರದ ಎತ್ತರದ ವೇದಿಕೆ. ಅದಕ್ಕೆ ಸುತ್ತಲೂ ರೇಷ್ಮೆ ಮತ್ತು ಜರಿಯ ಪರದೆ. ಸೈನ್ಯವೆಲ್ಲ ಆಯುಧ ಹಿಡಿದು ನಿಂತಿದೆ, ತಂದೆ ಕುದುರೆಯ ಮೇಲಿದ್ದಾನೆ. ಪರದೆ ಸರಿಯುತ್ತದೆ. ನಡುವೆ ಹುಡುಗಿ ಒಬ್ಬಳೇ ನಿಂತಿದ್ದಾಳೆ. ಅವಳ ಸುತ್ತ ಪಂಜು ಹಿಡಿದು ಮಂಡಿಯೂರಿದ ಅಂತಃಪುರದ ಸೇವಕರು. ಕಹಳೆ ಮೊಳಗುತ್ತದೆ, ಕೊಳಲು ನುಡಿಯುತ್ತದೆ, ಹೊಗಳುಭಟರು ಹಾಡುತ್ತಾರೆ. ಎಲ್ಲವೂ ಇತ್ತು, ವರ ಒಬ್ಬನಿರಲಿಲ್ಲ. ಓರ್ಹಾನ್ 30 ಹಡಗು, ಒಂದಷ್ಟು ಕುದುರೆ ಸವಾರರು ಮತ್ತು ತನ್ನ ಕಡೆಯ ದೊಡ್ಡ ಮನುಷ್ಯರನ್ನು ಕಳಿಸಿ ತಾನು ಆಚೆ ದಡದಲ್ಲೇ ಉಳಿದಿದ್ದ. ಇಷ್ಟೆಲ್ಲ ವಿವರ ಬರೆದ ತಂದೆ ಇದೊಂದು ಸೂಚನೆ ಎಂದು ಮಾತ್ರ ಬರೆಯಲಿಲ್ಲ. ಶತ್ರುವಿಗೆ ಹೆಣ್ಣು ಕೊಟ್ಟೆಯಾ ಎಂದು ಕೇಳಿದವರಿಗೆ ಉತ್ತರ ಸಿದ್ಧವಿತ್ತು: ಅವನು ಶತ್ರುವಲ್ಲ, ಅಳಿಯ.

1347ರಲ್ಲಿ ಕಾಂಟಕುಜೆನೋಸ್ ಗೆದ್ದು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಬಂದ. ಸೋತ ಹುಡುಗ ಯೋವಾನ್ನಿಸ್‌ಗೆ ಇನ್ನೊಬ್ಬ ಮಗಳು ಹೆಲೆನಾಳನ್ನು ಕೊಟ್ಟು ಅವನನ್ನೂ ಅಳಿಯನನ್ನಾಗಿ ಮಾಡಿಕೊಂಡ. ಹಿಂದಿನ ವರ್ಷ ಹಾಗಿಯಾ ಸೋಫಿಯಾದ ಗುಮ್ಮಟದ ಒಂದು ಭಾಗ ಬಿದ್ದುಹೋಗಿತ್ತು, ಆದ್ದರಿಂದ ಪಟ್ಟಾಭಿಷೇಕ ಬೇರೆ ಚರ್ಚಿನಲ್ಲಿ ನಡೆಯಿತು. ಕಿರೀಟದಲ್ಲಿದ್ದದ್ದು ಗಾಜಿನ ಹರಳು, ಔತಣಕ್ಕಿಟ್ಟದ್ದು ತವರದ ಮತ್ತು ಮಣ್ಣಿನ ಪಾತ್ರೆ ಎಂದು ಆ ಕಾಲದ ಇತಿಹಾಸಕಾರ ಗ್ರೆಗೊರಾಸ್ ಹೊಟ್ಟೆಯುರಿದು ಬರೆದಿದ್ದಾನೆ. ಗುಮ್ಮಟ ರಿಪೇರಿಗೆಂದು ಮಾಸ್ಕೋದ ದೊರೆ ಹಣ ಕಳಿಸಿದ. ಅದು ತುರ್ಕ ಸೈನಿಕರ ಖರ್ಚಿಗೆ ಹೋಯಿತು ಎಂಬುದೂ ಗ್ರೆಗೊರಾಸ್‌ನದೇ ದೂರು. ಭಕ್ತರ ಕಾಣಿಕೆ ಇಷ್ಟು ಸರ್ವಧರ್ಮ ಸಮಭಾವದಿಂದ ವಿನಿಯೋಗವಾದ ಉದಾಹರಣೆ ಇನ್ನೊಂದಿರಲಾರದು.

ನ್ಯಾಯವಾಗಿ ಹೇಳಬೇಕೆಂದರೆ, ಮುಚ್ಚಿಹೋದ ನೌಕಾಪಡೆಯನ್ನು ಮತ್ತೆ ಕಟ್ಟಲು ಕಾಂಟಕುಜೆನೋಸ್ ಪ್ರಯತ್ನಪಟ್ಟ. ಜನರಿಂದ ದುಡ್ಡೆತ್ತಿ ಹೊಸ ಹಡಗು ಕಟ್ಟಿಸಿದ. 1349ರ ವಸಂತದಲ್ಲಿ ಅವು ಜಿನೋವಾದವರ ಮೇಲೆ ಯುದ್ಧಕ್ಕೆ ಹೊರಟವು. ಶತ್ರು ಕೈಮಾಡುವ ಮೊದಲೇ ಜೋರಾಗಿ ಗಾಳಿ ಬೀಸಿತು, ಗಾಬರಿಯಾದ ನಾವಿಕರು ಕವಚ ತೊಟ್ಟಂತೆಯೇ ಸಮುದ್ರಕ್ಕೆ ಹಾರಿದರು. ಎದುರಾಳಿಗಳು ತೇಲುತ್ತಿದ್ದ ಖಾಲಿ ಹಡಗುಗಳನ್ನು ನಿಧಾನವಾಗಿ ಕಟ್ಟಿ ಎಳೆದುಕೊಂಡು ಹೋದರು. ಅರವತ್ತು ವರ್ಷದ ಹಿಂದೆ ಉಳಿಸಿದ ಸಂಬಳ ಅಂದು ಬಡ್ಡಿ ಸಮೇತ ಮುಳುಗಿತು.

ಇಬ್ಬರು ಅಳಿಯಂದಿರಿರುವ ಮನೆಯಲ್ಲಿ ಆಸ್ತಿಯ ಮಾತು ಬಾರದಿರುತ್ತದೆಯೇ? ಅದರ ಮೇಲೆ ಕಾಂಟಕುಜೆನೋಸ್‌ಗೆ ಮತ್ತೇಯೋಸ್ ಎಂಬ ಮಗನೂ ಇದ್ದ. 1352ರಲ್ಲಿ ಚಿಕ್ಕ ಅಳಿಯ ಯೋವಾನ್ನಿಸ್ ಮಗನ ಪ್ರಾಂತದ ಮೇಲೆ ನುಗ್ಗಿದ. ಅಳಿಯನಿಗೆ ಸೆರ್ಬಿಯಾ, ಬಲ್ಗೇರಿಯಾಗಳ ಕುದುರೆಪಡೆಯ ಬೆಂಬಲ. ಮಗನನ್ನು ಕಾಪಾಡಲು ಅಪ್ಪ ದೊಡ್ಡ ಅಳಿಯನಿಗೆ ಹೇಳಿಕಳಿಸಿದ. ಓರ್ಹಾನ್ ತನ್ನ ಮಗ ಸುಲೇಮಾನ್ ಪಾಷಾನ ಜೊತೆ ಹತ್ತು ಸಾವಿರಕ್ಕೂ ಮಿಕ್ಕಿದ ಸವಾರರನ್ನು ಕಳಿಸಿದ. ಅವರು ಗೆದ್ದುಕೊಟ್ಟರು. ಗೆದ್ದ ಮೇಲೆ ಗಲಿಪೊಲಿಯ ಹತ್ತಿರದ ತ್ಸಿಂಪೆ ಎಂಬ ಸಣ್ಣ ಕೋಟೆಯಲ್ಲಿ ಕಾಲು ಚಾಚಿ ಕುಳಿತರು. ಮಾವ ಎಬ್ಬಿಸಲು ಹೋದ, ಏಳಲಿಲ್ಲ. ಕೊನೆಗೆ ತನ್ನದೇ ಕೋಟೆ ಖಾಲಿ ಮಾಡಿಕೊಡಲು 10,000 ಹೈಪರ್‌ಪೈರಾನ್ ನಾಣ್ಯ ಕೊಡುತ್ತೇನೆಂದ, ಹಳೇ ಬಾಡಿಗೆದಾರನ ಕೈಕಾಲು ಹಿಡಿಯುವ ಮನೆಯೊಡೆಯನ ಹಾಗೆ.

ಆ ಚೌಕಾಸಿ ನಡೆಯುತ್ತಿದ್ದಾಗಲೇ ನೆಲ ನಡುಗಿತು. ಒಂದಿಡೀ ಕರಾವಳಿಯ ಊರುಗಳ ಗೋಡೆ ಉರುಳಿದವು. ಬದುಕಿದವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಯಲಿಗೆ ಓಡಿದರು, ಮಳೆ ಹಿಮದ ಚಳಿಯಲ್ಲಿ ಅಲ್ಲೂ ಸತ್ತರು. ಸುಲೇಮಾನ್ ಆಗ ಎದುರು ದಡದ ಪೀಗೇ ಊರಿನಲ್ಲಿದ್ದ. ಸುದ್ದಿ ಕೇಳಿದ್ದೇ ತಡ, ಜಲಸಂಧಿ ದಾಟಿ ಬಂದ. ಸೈನಿಕರನ್ನು ಮಾತ್ರ ತರಲಿಲ್ಲ, ಸಂಸಾರ ಸಮೇತ ಜನರನ್ನು ತಂದ. ಮೊದಲ ಕೆಲಸವಾಗಿ ಗೋಡೆ ರಿಪೇರಿ ಮಾಡಿಸಿದ. ಬೈಜಾಂಟೈನ್ ಅರಮನೆಗೆ ಇಷ್ಟು ವರ್ಷ ಹೊಳೆಯದಿದ್ದ ಕೆಲಸ ಅದು. ಅದೇ ದಿನಗಳಲ್ಲಿ ಥೆಸಲೊನೀಕಿಯ ಆರ್ಚ್‌ಬಿಷಪ್ ಗ್ರೆಗೊರಿ ಪಾಲಾಮಾಸ್ ಹಡಗಿನಲ್ಲಿ ರಾಜಧಾನಿಗೆ ಹೊರಟಿದ್ದ. ಗಾಳಿಗೆ ಸಿಕ್ಕಿ ಹಡಗು ಗಲಿಪೊಲಿಯ ದಡಕ್ಕೆ ಬಂತು, ಅವನೂ ಸೆರೆಯಾದ. ಸುಮಾರು ಒಂದು ವರ್ಷ ತುರ್ಕರ ಸೆರೆಯಲ್ಲಿದ್ದು, ಅವರ ಪಂಡಿತರ ಜೊತೆ ಧರ್ಮಚರ್ಚೆ ಮಾಡಿ, ಹಣ ತೆತ್ತ ಮೇಲೆ ಬಿಡುಗಡೆಯಾದ. ಅವನು ಬಿಡುಗಡೆಯಾದ, ಊರು ಆಗಲಿಲ್ಲ.

ಮಾವ ಈಗ ದೊಡ್ಡ ಮೊತ್ತವನ್ನೇ ಮುಂದಿಟ್ಟು, ಬಿಟ್ಟುಕೊಡು ಎಂದ. ಸುಲೇಮಾನ್ ಕಡೆಯಿಂದ ಬಂದ ಉತ್ತರದ ಸಾರ ಇಷ್ಟು: ನಾವೇನು ಕತ್ತಿ ಹಿಡಿದು ಕಿತ್ತುಕೊಂಡೆವೇ? ದೇವರು ಬೀಳಿಸಿದ, ಖಾಲಿ ಬಿದ್ದಿತ್ತು, ಬಂದು ಕೂತೆವು. ಮಾವ ನೇರವಾಗಿ ಓರ್ಹಾನ್‌ನಿಗೇ ದೂರು ಕೊಟ್ಟ. ಓರ್ಹಾನ್ ಸಜ್ಜನ, ಮಗನಿಗೆ ಬುದ್ಧಿ ಹೇಳುತ್ತೇನೆ, ನಿಕೊಮೀಡಿಯಾದ ಹತ್ತಿರ ಕೂತು ಮಾತಾಡೋಣ ಎಂದ. ಚಕ್ರವರ್ತಿ ಅಲ್ಲಿಗೆ ಹೋಗಿ ಕಾದ. ಅಳಿಯನಿಂದ ಸುದ್ದಿ ಬಂತು: ಮೈಯಲ್ಲಿ ಹುಷಾರಿಲ್ಲ. ಮದುವೆಗೇ ಬಾರದಿದ್ದವನು ಪಂಚಾಯಿತಿಗೆ ಬಂದಾನು ಎಂದು ನಂಬಿದ್ದವನನ್ನು ಏನನ್ನೋಣ? ಅಲ್ಲಿಯವರೆಗೆ ಅಳಿಯ ಎನ್ನುತ್ತಿದ್ದವನಿಗೆ ಅಂದು ಸತ್ಯದರ್ಶನವಾಗಿರಬೇಕು: ಅಳಿಯ ಅಲ್ಲ, ಮಗಳ ಗಂಡ.

ಅದೇ ವರ್ಷದ ಕೊನೆಗೆ ಚಿಕ್ಕ ಅಳಿಯ ಯೋವಾನ್ನಿಸ್, ಗತ್ತಿಲೂಸಿಯೊ ಎಂಬ ಜಿನೋವಾದ ಸಾಹಸಿಯ ನೆರವಿನಿಂದ ರಾಜಧಾನಿಗೆ ನುಗ್ಗಿದ. ಸಾಹಸಿಗೆ ಸಿಕ್ಕ ಇನಾಮು ಲೆಸ್ಬೋಸ್ ದ್ವೀಪ ಮತ್ತು ಚಕ್ರವರ್ತಿಯ ತಂಗಿ. ಮಾವ ಕಿರೀಟ ಬಿಚ್ಚಿಟ್ಟು, ಯೋಆಸಾಫ್ ಎಂಬ ಹೆಸರಿನಲ್ಲಿ ಸನ್ಯಾಸಿಯಾದ. ಸುಮಾರು ಮೂವತ್ತು ವರ್ಷ ಬದುಕಿದ್ದ, ನಾಲ್ಕು ಸಂಪುಟಗಳ ಇತಿಹಾಸ ಬರೆದ. ಅದರಲ್ಲಿ ಕಾಂಟಕುಜೆನೋಸ್ ಎಂಬ ಧೀಮಂತ ಪ್ರತಿ ಬಾರಿಯೂ ಸರಿಯಾದ ನಿರ್ಧಾರವನ್ನೇ ತೆಗೆದುಕೊಳ್ಳುತ್ತಾನೆ, ಪ್ರತಿ ಬಾರಿಯೂ ಉಳಿದವರು ಅವನಿಗೆ ಕೈಕೊಡುತ್ತಾರೆ. ಅಧಿಕಾರದಲ್ಲಿದ್ದಾಗ ಕಾಣದ ದಾರಿಗಳೆಲ್ಲ ಮಠದ ಕಿಟಕಿಯಿಂದ ಎಷ್ಟು ಚೆನ್ನಾಗಿ ಕಾಣುತ್ತವೆ!

ಇಷ್ಟಾದರೂ ಕೆಲವರು ಭೂಕಂಪದ್ದೇ ತಪ್ಪು ಎನ್ನಬಹುದು. ಅಂಥವರಿಗಾಗಿಯೇ ಇತಿಹಾಸ ಎರಡನೇ ಪ್ರಯೋಗ ನಡೆಸಿತು. 1366ರಲ್ಲಿ ಯೋವಾನ್ನಿಸ್‌ನ ಬಂಧು, ಸವಾಯ್‌ನ ಕೌಂಟ್ ಅಮೆಡಿಯೊ, ಹಡಗು ಸೈನಿಕರೊಂದಿಗೆ ಬಂದು ಗಲಿಪೊಲಿಯನ್ನು ಗೆದ್ದು ಸಾಮ್ರಾಜ್ಯದ ಕೈಗಿಟ್ಟ. ಹತ್ತು ವರ್ಷ ಊರು ಇವರಲ್ಲೇ ಇತ್ತು. 1376ರಲ್ಲಿ ಯೋವಾನ್ನಿಸ್‌ನ ಮಗ ನಾಲ್ಕನೇ ಆಂಡ್ರೋನಿಕೋಸ್, ಓರ್ಹಾನ್‌ನ ಮಗ ಮುರಾದ್‌ನ ನೆರವು ಪಡೆದು ಅಪ್ಪನನ್ನು ಜೈಲಿಗೆ ಹಾಕಿದ, ಋಣ ತೀರಿಸಲು ಗಲಿಪೊಲಿಯನ್ನು ಬರೆದುಕೊಟ್ಟ. ಈ ಸಲ ನೆಲ ಅಲುಗಲಿಲ್ಲ, ಒಂದು ಕಲ್ಲೂ ಉರುಳಲಿಲ್ಲ. ಮೊದಲ ಸಲ ಪ್ರಕೃತಿ ಮಾಡಿದ ಕೆಲಸವನ್ನು ಎರಡನೇ ಸಲ ಮನೆಮಗನೇ ಮುಗಿಸಿದ.

ಮುಂದಿನದು ಹೇಳಿದಷ್ಟೂ ಕಡಿಮೆ. 1390ರಲ್ಲಿ ಒಟ್ಟೊಮನ್ ಸುಲ್ತಾನ್ ಬಾಯಜೀದ್ ಏಷ್ಯಾ ಮೈನರ್‌ನ ಕೊನೆಯ ಬೈಜಾಂಟೈನ್ ಊರು ಫಿಲಡೆಲ್ಫಿಯಾಕ್ಕೆ ಮುತ್ತಿಗೆ ಹಾಕಿದಾಗ ಅವನ ಸೈನ್ಯದಲ್ಲಿ ಯೋವಾನ್ನಿಸ್‌ನ ಇನ್ನೊಬ್ಬ ಮಗ ಮ್ಯಾನುಯೆಲ್ ಇದ್ದ, ಆಂಡ್ರೋನಿಕೋಸ್‌ನ ಮಗನೂ ಇದ್ದ. ಸಿಂಹಾಸನಕ್ಕಾಗಿ ಕಚ್ಚಾಡುತ್ತಿದ್ದ ಚಿಕ್ಕಪ್ಪ ಮತ್ತು ಅಣ್ಣನ ಮಗ ಕೊನೆಗೂ ಒಂದೇ ಪಾಳೆಯದಲ್ಲಿ ನಿಂತಿದ್ದರು, ತಮ್ಮದೇ ಊರಿನ ಗೋಡೆಯ ಹೊರಗೆ.

1402ರಲ್ಲಿ ತೈಮೂರ್ ಬಾಯಜೀದ್‌ನನ್ನು ಸೋಲಿಸಿ ಸೆರೆಹಿಡಿದ. ಬಾಯಜೀದ್‌ನ ಮಕ್ಕಳು ತಮ್ಮತಮ್ಮಲ್ಲೇ ಹೊಡೆದಾಡತೊಡಗಿದರು. ಯೂರೋಪಿನ ಕಡೆ ನೆಲೆನಿಂತ ಮಗ ಸುಲೇಮಾನ್ ಚೆಲೆಬಿಗೆ ನೆಂಟರ ಬೆಂಬಲ ಬೇಕಾಯಿತು. 1403ರಲ್ಲಿ ಬೈಜಾಂಟಿಯಮ್‌ ಮತ್ತು ಅದರ ಮಿತ್ರರೊಂದಿಗೆ ಒಪ್ಪಂದ ಮಾಡಿಕೊಂಡ. ಥೆಸಲೊನೀಕಿಯನ್ನು ವಾಪಸ್ ಕೊಟ್ಟ, ಕಪ್ಪ ಮನ್ನಾ ಮಾಡಿದ, ಚಕ್ರವರ್ತಿಯನ್ನು ಬಾಯ್ತುಂಬ ಅಪ್ಪ ಎಂದು ಕರೆದ. ಒಪ್ಪಂದ ನಡೆದ ಊರು ಗಲಿಪೊಲಿ. ಅದೊಂದನ್ನು ಮಾತ್ರ ಅಪ್ಪನಿಗೆ ಕೊಡಲಿಲ್ಲ.