ಊರಿಗೆ ಉಪಕಾರಿ

ಮೆಂತ್ಯ ಸೊಪ್ಪು ಬಿಡಿಸಲೂ ಬಗ್ಗದ ನನ್ನ ಸೊಂಟ ಭಾನುವಾರ ಬೆಳಗ್ಗೆ ಮಾತ್ರ ಪವಾಡದಂತೆ ಬಗ್ಗುತ್ತದೆ. ಸಿಡ್ನಿಯ ನಮ್ಮ ಬಡಾವಣೆಗೆ ಅಂಟಿಕೊಂಡ ಮೀಸಲು ಕಾಡಿನಲ್ಲಿ ನಾನು ‘ಬುಷ್‌ಕೇರ್’ ಸ್ವಯಂಸೇವಕ. ಕೈಗವಸು, ಅಗಲ ಟೋಪಿ, ಒಂದು ಪುಟ್ಟ ಚಾಕು, ಅಪಾರ ಗಾಂಭೀರ್ಯ. ಕೆಲಸ: ಹೊರನಾಡಿನಿಂದ ಬಂದು ಬೀಡುಬಿಟ್ಟ ಹುಲ್ಲು ಕೀಳುವುದು. (ಹೊರನಾಡಿನಿಂದ ಬಂದು ಬೀಡುಬಿಟ್ಟ ನನ್ನನ್ನು ಇದುವರೆಗೆ ಯಾರೂ ಕಿತ್ತಿಲ್ಲ.)

“ಊರಿಗೆ ಉಪಕಾರಿ” ಅನ್ನುತ್ತಾಳೆ ಹೆಂಡತಿ. ಗಾದೆಯ ‘ಮನೆಗೆ ಮಾರಿ’ಯನ್ನು ಮಗಳ ಎದುರು ನುಂಗಿಕೊಳ್ಳುತ್ತಾಳೆ.

ಈ ಕೆಲಸಕ್ಕೂ ಶಾಸ್ತ್ರವಿದೆ. ಸಿಡ್ನಿಯ ಮೋಸ್ಮನ್‌ನ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಲ್ಲಿ ಮನೆ ಹತ್ತಿರದ ಕಾಡಿನಲ್ಲಿ ಕಳೆ ಕೀಳುತ್ತಲೇ ಕಂಡುಕೊಂಡದ್ದು. ಕಳೆ ದಟ್ಟವಾಗಿರುವಲ್ಲಿಗೆ ಮೊದಲೇ ನುಗ್ಗಬಾರದು. ಕಾಡು ಚೆನ್ನಾಗಿರುವಲ್ಲಿ ಶುರುಮಾಡಿ ಕಳೆಯತ್ತ ಸರಿಯಬೇಕು. ಮಣ್ಣು ಕೆದಕಿದಷ್ಟೂ ಕಳೆಗೇ ಲಾಭ, ಆದ್ದರಿಂದ ಕಿತ್ತಲ್ಲಿ ತರಗೆಲೆ ಮುಚ್ಚಬೇಕು. ಅಲ್ಲಿನದೇ ಗಿಡಗಳು ಚಿಗುರುವ ವೇಗವನ್ನು ಮೀರಿ ಮುಂದಕ್ಕೆ ಹೋಗಬಾರದು. ಅಂದರೆ ಚೊಕ್ಕಟವಾಗಿರುವ ಕಡೆ ನಿಧಾನವಾಗಿ ಕೆಲಸ ಮಾಡುತ್ತಾ ಗಲೀಜನ್ನು ಮುಂದಿನ ವರ್ಷಕ್ಕೆ ಬಿಡುವುದು! ನನ್ನ ಸ್ವಭಾವಕ್ಕೆ ಇಷ್ಟು ಹೊಂದುವ ತತ್ವ ಉಪನಿಷತ್ತಿನಲ್ಲೂ ಸಿಕ್ಕಿರಲಿಲ್ಲ. ಗ್ಯಾರೇಜಿಗೂ ಇದನ್ನೇ ಅನ್ವಯಿಸಹೋದೆ. “ಆ ಅಕ್ಕತಂಗೀರು ಯಾರೂ ನಿಮ್ಮನ್ನ ಕಟ್ಕೊಂಡಿರ್ಲಿಲ್ಲ ರೀ” ಎಂದಳು.

ನಿಜವಾದ ಕಷ್ಟ ಗುರುತಿಸುವುದರಲ್ಲಿದೆ. ಎರ್ಹಾರ್ಟ ದಕ್ಷಿಣ ಆಫ್ರಿಕದ ಹುಲ್ಲು, ಮರದ ನೆರಳಲ್ಲೂ ಹಬ್ಬುತ್ತದೆ. ಪಕ್ಕದಲ್ಲೇ ಮೈಕ್ರೋಲೀನ, ಇಲ್ಲಿನದೇ ಹುಲ್ಲು, ಮುಟ್ಟಕೂಡದು. ನೋಡಲು ಎರಡೂ ಒಂದೇ. ಮೈಕ್ರೋಲೀನದ ಎಲೆಯ ತುದಿಯ ಬಳಿ ಚಿವುಟಿದಂಥ ಗುರುತಿರುತ್ತದೆ. ಚಾಳೀಸಿಲ್ಲದೆ ನನಗದು ಕಾಣದು; ಚಾಳೀಸು ಹಾಕಿ ಬಗ್ಗಿದರೆ ಅದು ಬೆವರಿಗೆ ಜಾರಿ ಹುಲ್ಲಿನೊಳಗೆ ಬೀಳುತ್ತದೆ, ಆಮೇಲೆ ಅದೂ ಕಾಣದು. ಒಮ್ಮೆ ಸುಮ್ಮನೆ ನೋಡಲು ಬಂದ ಹೆಂಡತಿ, ಹರಿವೆ ಕಟ್ಟಿನಿಂದ ಗರಿಕೆ ತೆಗೆದು ಹಾಕಿದ ಹಾಗೆ, ಮಾತಾಡುತ್ತಲೇ ಎರಡನ್ನೂ ಬೇರೆ ಮಾಡಿಟ್ಟಳು. ಅಂದಿನಿಂದ ನಮ್ಮ ತಂಡದ ಮೇಲ್ವಿಚಾರಕಿ ನಾನು ಕಿತ್ತದ್ದನ್ನೆಲ್ಲ ಅವಳಿಗೆ ತೋರಿಸಿಯೇ ಚೀಲಕ್ಕೆ ತುಂಬುವುದು.

ಇನ್ನು ಕಿಕುಯು. ಪೂರ್ವ ಆಫ್ರಿಕದ ಎತ್ತರದ ನಾಡಿನದು. ನೆಲದ ಮೇಲೂ ಹರಿಯುತ್ತದೆ, ನೆಲದೊಳಗೂ ಹರಿಯುತ್ತದೆ. ಗೆಣ್ಣುಗೆಣ್ಣಿಗೂ ಬೇರು, ತುಂಡು ಉಳಿದರೆ ಮತ್ತೆ ಹಾಜರು. ಹುಲ್ಲುಹಾಸಿಗೆಂದು ಜನ ಬೆಳೆಸುವುದು ಬೇಲಿ ನುಸುಳಿ ಕಾಡು ಸೇರುತ್ತದೆ. ಅದರ ಒಂದು ಬಳ್ಳಿಯನ್ನು ಗೆಣ್ಣು ತುಂಡಾಗದಂತೆ ಎಳೆಯುತ್ತಾ, ಇಂಥ ಬೇಜವಾಬ್ದಾರಿ ಮನೆಗಳಿಗೆ ದಂಡ ಹಾಕಬೇಕೆಂದು ಭಾಷಣ ಮಾಡುತ್ತಾ, ಹಿಂದಕ್ಕೆ ಹಿಂದಕ್ಕೆ ಹೋದೆ. ಬೆನ್ನಿಗೆ ಬೇಲಿ ತಗುಲಿತು.

“ಅಪ್ಪಾ, ಇದು ನಮ್ಮನೆ” ಎಂದಳು ಮಗಳು.

ಗೊಬ್ಬರ ಹಾಕಿ, ನೀರುಣಿಸಿ, ನೆಂಟರಿಗೆ ತೋರಿಸಿ ಬೀಗುವ ನನ್ನ ಹಸಿರು ಹಾಸು! ದಟ್ಟ ಕಳೆಯನ್ನು ಕೊನೆಗೆ ಮುಟ್ಟಬೇಕೆಂಬ ಬ್ರಾಡ್ಲಿ ಸೂತ್ರವನ್ನು ತಕ್ಷಣ ನೆನಪಿಸಿದೆ. ಮೇಲ್ವಿಚಾರಕಿ ಹೆಂಡತಿಯ ಮುಖ ನೋಡಿದಳು. ಹೆಂಡತಿ ತಲೆಯಾಡಿಸಿದಳು. ಬರುವ ಭಾನುವಾರ ತಂಡವೆಲ್ಲ ನಮ್ಮ ಹಿತ್ತಲಿಗೇ ಬರುತ್ತದೆ. ಅಷ್ಟೂ ಜನಕ್ಕೆ ಉಪ್ಪಿಟ್ಟು ನನ್ನ ಪಾಲಿಗೆ ಬಂದಿದೆ.