ನೀರು ಹಾಕ್ಬೇಡಿ ಸ್ವಾಮೀ!

ಮೈಸೂರಿನ ನಮ್ಮ ರಾಮಕೃಷ್ಣನಗರದಲ್ಲಿ ಪಿಂಚಣಿ ಶುರುವಾದವರಿಗೆ ಎರಡು ಚಟ ಅಂಟುತ್ತವೆ. ಒಂದು, ಲಿಂಗಾಂಬುಧಿ ಕೆರೆ ಕಡೆ ವಾಕಿಂಗು. ಇನ್ನೊಂದು, ತಾರಸಿ ಮೇಲೆ ಗಿಡ. ವಾಕಿಂಗಿನಿಂದ ಕೆರೆಗೇನೂ ಆಗಿಲ್ಲ. ತಾರಸಿಯಲ್ಲಿ ಮಾತ್ರ ಸಕ್ಯುಲೆಂಟುಗಳು ಸಾಯ್ತಾ ಇವೆ.

ಬೊಗಸೆಯಷ್ಟು ಕುಂಡ, ದಪ್ಪ ದಪ್ಪ ಎಲೆ. ನರ್ಸರಿಯಿಂದ ತಂದ ದಿನದಿಂದ ಯಜಮಾನರು ಬೆಳಿಗ್ಗೆ ಒಂದು ಚೊಂಬು ಕಾವೇರಿ ನೀರು ಹುಯ್ಯುತ್ತಾರೆ, ಸಂಜೆ ಇನ್ನೊಂದು. ನಡುವೆ ಮನೆಯಾಕೆ ‘ಪಾಪ, ಅದಕ್ಕೂ ಸತ್ವ ಬೇಕಲ್ಲ’ ಅಂತ ಅಕ್ಕಿ ತೊಳೆದ ನೀರು ಬಿಡ್ತಾರೆ. ಬುಡ ಕೊಳೆತು ಎಲೆ ಸೊರಗಿದರೆ, ‘ನೀರು ಸಾಲ್ದು ಅಂತ ಕಾಣುತ್ತೆ’ ಎಂದು ಮತ್ತೊಂದು ಚೊಂಬು! ಬದುಕಿರುವಾಗಲೇ ತರ್ಪಣ ಬಿಡೋದು ಅಂದ್ರೆ ಇದೇ. ಎಲೆಯೊಳಗೇ ನೀರು ಕೂಡಿಟ್ಟು, ಅದು ಆರದಿರಲೆಂದು ಹಗಲೆಲ್ಲ ರಂಧ್ರ ಮುಚ್ಚಿಕೊಂಡು ರಾತ್ರಿ ಉಸಿರಾಡುವ ಜಾತಿ ಇದು. ಅದಕ್ಕೆ ಇಷ್ಟು ಉಪಚಾರ ಯಾಕೆ?

ಚಳಿ ದೇಶದವರು ಇಂಥ ಗಿಡಗಳಿಗೆ ಗಾಜಿನ ಮನೆ ಕಟ್ಟೋದು ಹಿಮಕ್ಕೆ ಹೆದರಿ. ಮೈಸೂರಲ್ಲಿ ಹೆದರಬೇಕಾದ್ದು ಮೇ ತಿಂಗಳ ಗುಡುಗು ಮಳೆಗೆ, ಅಕ್ಟೋಬರಿನ ಜಡಿಮಳೆಗೆ. ಮೇಲೊಂದು ಪಾಲಿಥೀನ್ ಶೀಟು, ಅದರಡಿ ಹಸಿರು ಬಲೆ, ನಾಲ್ಕೂ ಕಡೆ ಗಾಳಿಗೆ ಬಯಲು. ಇಷ್ಟಾದರೆ ನಮ್ಮ ಗ್ರೀನ್‌ಹೌಸು ತಯಾರು. ಪುಸ್ತಕ ನೋಡಿ ಸುತ್ತ ಮುಚ್ಚಿದಿರೋ, ಏಪ್ರಿಲ್‌ನಲ್ಲಿ ಗಿಡ ಬೆಂದು ಪಲ್ಯ.

ಇನ್ನು ಕಲಾಂಚೊ. ರಾತ್ರಿ ಉದ್ದವಾದರೆ ಮಾತ್ರ ಅದಕ್ಕೆ ಮೊಗ್ಗು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಅದನ್ನು ಜಗಲಿ ಟ್ಯೂಬ್‌ಲೈಟಿನ ಕೆಳಗಿಟ್ಟು, ‘ಗೊಬ್ಬರ ಹಾಕ್ದೆ, ಔಷಧಿ ಹೊಡೆದೆ, ಇನ್ನು ಮೃತ್ಯುಂಜಯ ಜಪ ಒಂದು ಬಾಕಿ’ ಅಂತಿದ್ರು.

‘ಸಾರ್, ಸಂಜೆ ಲೈಟು ಆರಿಸಿ, ಹೂ ಬರುತ್ತೆ.’

‘ಹೂವಿಗೋಸ್ಕರ ಕಳ್ಳರನ್ನ ಕರೀಲೇನ್ರೀ?’

ಕುಂಡವನ್ನು ಹಿತ್ತಲಿಗೆ ಸರಿಸಬಹುದು ಅಂತ ಅವರಿಗೂ ಗೊತ್ತು. ಆದರೆ ಹಿತ್ತಲಲ್ಲಿಟ್ಟರೆ ಎದುರುಮನೆಯವರಿಗೆ ಕಾಣಬೇಡವೆ?

ಲಿಥಾಪ್ಸ್ ಅಂತೊಂದಿದೆ, ಆಫ್ರಿಕಾದ ದಕ್ಷಿಣದ್ದು. ಥೇಟ್ ಬೆಣಚುಕಲ್ಲು. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಸಸ್ಯಪಂಡಿತನೇ ಕಲ್ಲೆಂದು ಎತ್ತಿಕೊಂಡು ಬೇಸ್ತುಬಿದ್ದ. ಅಂಥಾದ್ದರಲ್ಲಿ ಪಕ್ಕದ ಮನೆ ಪುಟ್ಟಿ ಐದುಕಲ್ಲಾಟಕ್ಕೆ ಎರಡನ್ನು ಎತ್ತಿಕೊಂಡು ಹೋದರೆ ಬಯ್ಯೋದು ಹೇಗೆ? ಆ ಕಲ್ಲಿನ ಸೀಳಿನಿಂದ ಒಂದು ಮಧ್ಯಾಹ್ನ ಹಳದಿ ಹೂವೊಂದು ಏಳುತ್ತೆ ನೋಡಿ, ಗಿಡಕ್ಕಿಂತ ಹೂವೇ ಅಗಲ! ನೋಡೋಕೆ ಯಾರೂ ಬರಲ್ಲ, ಎಲ್ಲರಿಗೂ ಊಟದ ಮೇಲಿನ ನಿದ್ದೆ.

ಬ್ರಹ್ಮಕಮಲಕ್ಕಾದರೆ ಬೀದಿಗೆ ಬೀದಿಯೇ ನಿದ್ದೆ ಕೆಡುತ್ತೆ. ನಾವು ಮನೆಮನೆಯಲ್ಲಿ ಹಾಗೆ ಕರೆಯೋದು ಮೆಕ್ಸಿಕೊ ಕಡೆಯ ಒಂದು ಕಳ್ಳಿಯನ್ನು, ಅದೂ ಸಕ್ಯುಲೆಂಟೇ. ಆದರೂ ಅದಕ್ಕೆ ಕುಂಕುಮ, ಊದುಬತ್ತಿ, ವಾಟ್ಸಾಪ್ ಸ್ಟೇಟಸ್ಸು, ಬಂದವರಿಗೆಲ್ಲ ಕೇಸರಿಬಾತು. ಪಕ್ಕದಲ್ಲೇ ಉಗುರಿನಷ್ಟು ನಕ್ಷತ್ರ ಬಿಟ್ಟುಕೊಂಡು ನಿಂತ ಕ್ರಾಸುಲಾಗೆ ಒಂದು ಚಿಟಿಕೆ ಅರಿಶಿನವೂ ಇಲ್ಲ.

ಸ್ಟೆಪೀಲಿಯಾ ಮಾತ್ರ ಯಾರ ಕರೆಗೂ ಕಾಯೋದಿಲ್ಲ. ಅಂಗೈಗಿಂತ ಅಗಲವಾಗಿ ಅರಳಿ ಸತ್ತ ಇಲಿ ವಾಸನೆ ಬಿಡುತ್ತೆ. ನೊಣಗಳು ಮಾಂಸವೆಂದು ನಂಬಿ ಮೊಟ್ಟೆಯಿಟ್ಟು ಹೋಗ್ತವೆ. ಮೊನ್ನೆ ಎದುರುಮನೆ ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅದನ್ನು ಸುತ್ತುಹಾಕಿ ನೋಡಿದರು.

‘ಒಂದು ಕಡ್ಡಿ ಮುರ್ಕೊಡಿ.’

‘ವಾಸನೆ ತಡ್ಯೋಕಾಗಲ್ಲ ಆಂಟಿ, ಮನೆಯಲ್ಲಿ ಎಲ್ಲಿಡ್ತೀರಿ?’

‘ನಮ್ಮನೇಗಲ್ಲಪ್ಪಾ. ಭಾನುವಾರ ನಾದಿನಿ ಗೃಹಪ್ರವೇಶ.’