ಗೇರ್ ಪಂಡಿತರು

ಮೂಡಿಗೆರೆಯಿಂದ ಕಳಸದವರೆಗೆ ಯಾವ ಕಾಫಿ ತೋಟದಲ್ಲಾದರೂ ಸರಿ, ಗಾಡಿಯೊಂದು ಕೆಟ್ಟು ನಿಂತಿತೆಂದರೆ ಗೇರ್ ಪಂಡಿತರು ಹಾಜರಾಗುತ್ತಾರೆ. ಹೇಳಿ ಕಳಿಸಿದವರು ಯಾರೂ ಇರುವುದಿಲ್ಲ. ಅರವತ್ತು ದಾಟಿದ ವಯಸ್ಸು, ಮಂಡಿಯವರೆಗೆ ಗಂಬೂಟು, ಕಿಸೆಯಲ್ಲೊಂದು ಸ್ಕ್ರೂಡ್ರೈವರು, ಬಾಯಲ್ಲಿ ಎಲೆಅಡಿಕೆ. ಅವರ ವಿದ್ಯಾಭ್ಯಾಸವೆಲ್ಲ ನಡೆದದ್ದು ಜೀಪಿನಲ್ಲಿ. ಮಹೀಂದ್ರದವರು 1947ರಲ್ಲಿ ಜೋಡಿಸಲು ಶುರುಮಾಡಿದ ವಿಲ್ಲೀಸ್ ವಂಶದ ಆ ಹಳೆಯ ಜೀಪುಗಳಿಗೆ ಗೇರಿಗೊಂದು, ಮುಂದಿನ ಚಕ್ರಕ್ಕೊಂದು, ಹೈ-ಲೋಗೆ ಇನ್ನೊಂದು ಎಂದು ಮೂರು ಲಿವರ್. ಮೂರರಲ್ಲಿ ಯಾವುದರ ಬುಡ ಸವೆದಿದೆ ಎಂದು ಕಿವಿಯಿಂದಲೇ ಹೇಳಬಲ್ಲವರು ಇವರು. ದಾರಿಯಲ್ಲಿ ಪಿನ್ನು ಮುರಿದರೆ ಬೇಲಿ ತಂತಿ ಸುತ್ತಿ ಕಾಫಿ ಚೀಲವನ್ನು ಕಣಕ್ಕೆ ಮುಟ್ಟಿಸಿದವರು. ಇಂಥವರ ಮುಂದೆ ಹೋಂಸ್ಟೇ ಹುಡುಗರು ಈಗ ಎಟಿವಿ ತಂದು ನಿಲ್ಲಿಸುತ್ತಾರೆ. ದಪ್ಪ ಟೈರಿನ, ಸಾಮಾನ್ಯವಾಗಿ ರಸ್ತೆಗೆ ನೋಂದಣಿಯಾಗದ, ಪ್ರವಾಸಿಗರನ್ನು ತೋಟದೊಳಗೇ ಕೂಗಿಸಿ ಕುಣಿಸುವ ಗಾಡಿ. ಕೆಲವಕ್ಕೆ ಗೇರ್ ಬದಲಿಸುವ ಪೆಡಲೂ ಇಲ್ಲ, ಲಿವರೂ ಇಲ್ಲ. ಹ್ಯಾಂಡಲಿನಲ್ಲಿ ಎರಡು ಗುಂಡಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಒತ್ತಿದರೆ ಗೇರ್ ಬೀಳುವುದಿಲ್ಲ, ಅಂಕಿ ಕಾಣಬೇಕಾದಲ್ಲಿ ಅಡ್ಡಗೆರೆ ಮಿನುಗುತ್ತದೆ. ಪಂಡಿತರು ಒಂದು ಸುತ್ತು ಬರುತ್ತಾರೆ, ಟೈರಿಗೆ ಒದೆಯುತ್ತಾರೆ, ತೀರ್ಪು ಕೊಡುತ್ತಾರೆ: "ಇಂಜಿನ್ ಬಿಚ್ಲೇಬೇಕು ಮಾರಾಯ. ಒಳಗೆ ಹಲ್ಲು ಹೋಗಿದೆ."

ಇವರಿಗೆ ಏನೂ ಗೊತ್ತಿಲ್ಲ ಎಂದು ನಗುವುದು ಸುಲಭ, ಆದರೆ ಅದು ಸುಳ್ಳು. ನನ್ನ ವಾದವೇ ಬೇರೆ: ಪಂಡಿತರ ಚಿಕಿತ್ಸೆ ಫಲಿಸುತ್ತದೆ, ತೊಂದರೆಯ ಮೂಲ ಇರುವುದೇ ಅಲ್ಲಿ. ಹೋಂಡಾ 1998ರ ಮಾದರಿಯ ಎಟಿವಿಗೆ ತಂದ ಈ ಗುಂಡಿ ಗೇರಿನ ಒಳಗುಟ್ಟು ಇಷ್ಟೆ. ಗುಂಡಿ ಒಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ, ಪೆಟ್ಟಿಗೆ ಒಂದು ಸಣ್ಣ ಮೋಟಾರನ್ನು ತಿರುಗಿಸುತ್ತದೆ, ಜೀಪಿನಲ್ಲಿ ಕೈ ಮಾಡುತ್ತಿದ್ದ ಕೆಲಸವನ್ನು ಆ ಮೋಟಾರು ಮಾಡುತ್ತದೆ. ಗೇರಿನ ದಂಡ ಎಷ್ಟು ತಿರುಗಿತೆಂದು ಒಂದು ಸೆನ್ಸರ್ ವರದಿ ಒಪ್ಪಿಸುತ್ತದೆ. ವರದಿ ತೊದಲಿದರೆ, ಇಲ್ಲವೇ ಬ್ಯಾಟರಿ ಸೊರಗಿದ್ದರೆ, ಪೆಟ್ಟಿಗೆ ಕೈಕಟ್ಟಿ ಕೂರುತ್ತದೆ. ಹಲ್ಲುಗಳು ಗಟ್ಟಿಯಾಗಿಯೇ ಇರುತ್ತವೆ. ಹೇಳುವವರಿಲ್ಲದೆ ಸುಮ್ಮನಿರುತ್ತವೆ, ಅಷ್ಟೆ. ಈಗ ಪಂಡಿತರು ಎಣ್ಣೆ ಇಳಿಸಿ ಬದಿಯ ಕವರ್ ಬಿಚ್ಚಲು ಹೊರಡುತ್ತಾರೆ. ಬಿಚ್ಚಬೇಕಾದರೆ ಸೆನ್ಸರಿನ ಪ್ಲಗ್ಗು ಕೀಳಬೇಕು, ಬ್ಯಾಟರಿಯ ಅರ್ತ್ ವೈರು ಕಳಚಬೇಕು. ಒಳಗೆ ಹಲ್ಲೆಲ್ಲ ಹೊಳೆಯುತ್ತಿರುತ್ತದೆ. "ಹುಂ" ಎಂದು ಹೊಸ ಎಣ್ಣೆ ಹಾಕಿ, ಎಲ್ಲವನ್ನೂ ಮತ್ತೆ ಜೋಡಿಸಿ, ಗುಂಡಿ ಒತ್ತುತ್ತಾರೆ. ಗೇರ್ ಟಕ್ಕನೆ ಬೀಳುತ್ತದೆ! ಪ್ಲಗ್ಗನ್ನು ಕಿತ್ತು ಹಾಕಿದಾಗ ಅದರ ಪಿನ್ನಿನ ಕಿಲುಬು ತಾನಾಗಿ ಉಜ್ಜಿಹೋಗಿರುತ್ತದೆ, ಅರ್ತ್ ನಟ್ಟು ಈ ಸಲ ಬಿಗಿಯಾಗಿ ಕೂತಿರುತ್ತದೆ. ಯಶಸ್ಸು ಮಾತ್ರ ಎಣ್ಣೆಯ ಖಾತೆಗೆ ಜಮಾ. ಎರಡು ವಾರ ಮಳೆ ಹೊಡೆದ ಮೇಲೆ ರೋಗ ಮರಳುತ್ತದೆ. ಅಷ್ಟರಲ್ಲಿ ಪಂಡಿತರ ಕೀರ್ತಿ ಬಣಕಲ್ ದಾಟಿರುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಪಂಡಿತರ ಅಳಿಯನಿಂದ ಬರುತ್ತದೆ. ಕಾಲ ಬದಲಾಗಿದೆ, ಗಾಡಿಯೇ ಕೋಡ್ ತೋರಿಸುವಾಗ ಈ ಮುದುಕರನ್ನು ಕೇಳುವವರಾರು ಎಂಬುದು ಅವನ ವಾದ. ಕೋಡ್ ತೋರಿಸುವುದು ನಿಜ. ಆದರೆ ಸೆನ್ಸರಿನ ವರದಿ ಸರಿಯಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕೆಟ್ಟದ್ದು ಸೆನ್ಸರೋ, ವೈರೋ, ಪ್ಲಗ್ಗೋ ಎಂಬುದನ್ನು ಹುಡುಕುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ಅಳಿಯ ಬೆಂಗಳೂರಿನಿಂದ ಸೆನ್ಸರ್ ತರಿಸುತ್ತಾನೆ, ಆಮೇಲೆ ಮೋಟಾರು, ಆಮೇಲೆ ಪೆಟ್ಟಿಗೆ. ಒಂದೊಂದು ಹಾಕಿದಾಗಲೂ ಅದೇ ಹಳೆಯ ಪ್ಲಗ್ಗು ಉಜ್ಜಿಕೊಳ್ಳುತ್ತದೆ, ನಾಲ್ಕು ದಿನ ಗೇರ್ ಬೀಳುತ್ತದೆ. ಮಾವನದು ಎಣ್ಣೆಯ ಖರ್ಚಿನ ಮೂಢನಂಬಿಕೆ, ಅಳಿಯನದು ಪಾರ್ಸೆಲ್ ಖರ್ಚಿನದು. ಇನ್ನು ಪಂಡಿತರ ಟೆಸ್ಟ್ ಲ್ಯಾಂಪಿನ ಸಂಗತಿ. ಬಲ್ಬಿಗೆ ಎರಡು ವೈರು ಕಟ್ಟಿದ ಆ ಉಪಕರಣ ಜೀಪಿನ 12 ವೋಲ್ಟಿಗೆ ಸಾಕಿತ್ತು. ಸೆನ್ಸರಿನಲ್ಲಿ ಹರಿಯುವುದು 5 ವೋಲ್ಟ್, ಅದೂ ಬಲ್ಬು ಉರಿಸುವಷ್ಟು ಶಕ್ತಿಯಿಲ್ಲದ್ದು. ದೀಪ ಹತ್ತುವುದಿಲ್ಲ, ಪಂಡಿತರು "ಕರೆಂಟೇ ಬರ್ತಿಲ್ಲ" ಎಂದು ವೈರು ಕತ್ತರಿಸಲು ಅಣಿಯಾಗುತ್ತಾರೆ. ಅಲ್ಲಿ ಬೇಕಾದದ್ದು ಮೀಟರ್. ಗಾಡಿ ಸುಮ್ಮನಿರುವಾಗ ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಗುಂಡಿ ಒತ್ತಿ ಹಿಡಿದಾಗ ಬ್ಯಾಟರಿಯ ಋಣಕ್ಕೂ ಇಂಜಿನ್ನಿನ ಮೈಗೂ ನಡುವೆ ಒಂದು ವೋಲ್ಟ್ ಕಂಡರೂ ಅರ್ತ್ ಕೊಳೆತಿದೆ ಎಂದೇ ಲೆಕ್ಕ.

ಎರಡನೆಯ ಆಕ್ಷೇಪ ಸ್ವತಃ ಪಂಡಿತರದು, ಸ್ವಲ್ಪ ಗಟ್ಟಿಯಾದದ್ದೂ ಹೌದು: ಮಲೆನಾಡಿನ ಮಳೆಗೆ ಈ ಕರೆಂಟಿನ ಗೇರ್ ಒಗ್ಗುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾಸಿಗೆ ಬಟ್ಟೆಯೇ ಒಣಗದ ಊರಿನಲ್ಲಿ ಪ್ಲಗ್ಗು ಒಣಗಿರಲಿ ಎಂದರೆ ಹೇಗೆ? ಮೇಲಾಗಿ ಹುಡುಗರು ಪ್ರವಾಸಿಗರು ಇಳಿದೊಡನೆ ಗಾಡಿಯ ಮೇಲೆ ಸ್ಪ್ರೇ ಪಂಪಿನ ಪೈಪು ಬಿಡುತ್ತಾರೆ, ಸ್ಟೋರಿನ ಇಲಿಗಳಿಗೆ ವೈರಿನ ರುಚಿ ಗೊತ್ತಾಗಿದೆ. ತಯಾರಕರಿಗೂ ಈ ಅನುಮಾನ ಇದ್ದೇ ಇತ್ತು. ಇಲ್ಲದಿದ್ದರೆ ಮೋಟಾರು ಕೈಕೊಟ್ಟಾಗ ಗೇರನ್ನು ಕೈಯಿಂದಲೇ ತಿರುಗಿಸಲು ಟೂಲ್ ಕಿಟ್ಟಿನಲ್ಲಿ ಪುಟ್ಟ ಲಿವರ್ ಇಡುತ್ತಿರಲಿಲ್ಲ. (ಆ ಲಿವರನ್ನು ಹುಡುಗರು ಬೇರೇನೋ ಮೀಟಲು ಒಯ್ದು ಕಳೆದಿರುತ್ತಾರೆ.) ಆದರೂ ಈ ವಾದವನ್ನು ಪಂಡಿತರ ಪಂಪ್‌ಹೌಸೇ ಮುರಿಯುತ್ತದೆ. ಹೂಮಳೆ ಕೈಕೊಟ್ಟ ವರ್ಷ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಓಡಿಸಲು ಹೋಗಿ ಮೋಟಾರ್ ಏಳದಿದ್ದರೆ ಅವರು ಪಂಪಿನ ಹೊಟ್ಟೆ ಬಗೆಯುವುದಿಲ್ಲ. ಸ್ಟಾರ್ಟರ್ ತೆಗೆದು, ಪಾಯಿಂಟಿಗೆ ಎಮೆರಿ ಪೇಪರ್ ಉಜ್ಜಿ, ಪ್ಲಾಸ್ಟಿಕ್ ಹೊದಿಸಿ ಬರುತ್ತಾರೆ. ವಿದ್ಯುತ್ತಿನ ಮೊದಲ ಪಾಠ ಅವರಿಗೆ ಬಾಯಿಪಾಠ. ಅದೇ ಕಿಲುಬು ಗೇರಿನ ನೆರೆಯಲ್ಲಿ ಕಂಡರೆ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಗೇರ್ ಎಂದರೆ ಎಣ್ಣೆ, ಹಲ್ಲು, ತೋಳಿನ ಬಲ. ಅದು ಗಂಡಸರ ಇಲಾಖೆ. ವೈರು ಲೈನ್‌ಮನ್ನಿನದು.

ತಮಾಷೆಯೆಂದರೆ ಸರಿಯಾದ ರೋಗನಿರ್ಣಯ ಮೊದಲ ದಿನವೇ ಅವರ ಬಾಯಿಂದ ಬಂದಿರುತ್ತದೆ. "ಬೆಳಿಗ್ಗೆ ಮಂಜಿಗೆ ಬೀಳೂದಿಲ್ಲ, ಹನ್ನೊಂದು ಗಂಟೆ ಬಿಸಿಲಿಗೆ ಬೀಳ್ತದೆ. ಹಠ ಮಾರಾಯ ಇದಕ್ಕೆ." ಸವೆದ ಹಲ್ಲು ಹನ್ನೊಂದು ಗಂಟೆಗೆ ಚಿಗುರುವುದಿಲ್ಲ, ಬಿಸಿಲಿಗೆ ಸರಿಹೋಗುವುದು ಒದ್ದೆಯಾದದ್ದು ಮಾತ್ರ. ಆ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಪಂಡಿತರು ತಕ್ಷಣ ಸೂತ್ರ ಹಿಡಿಯುತ್ತಿದ್ದರು. ತಾವೇ ಹೇಳಿದ್ದರಿಂದ ಕೇಳಿಸಿಕೊಳ್ಳಲಿಲ್ಲ. ಈಗ ಕವರ್ ಮತ್ತೆ ಬಿಚ್ಚಿದ್ದಾರೆ, ಹಳೆಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ್ದಾರೆ, ಚಿಕ್ಕಮಗಳೂರಿನ ಅಂಗಡಿಯವನು ಕಲಬೆರಕೆ ಮಾಲು ಕೊಟ್ಟಿದ್ದಾನೆಂದು ನೆರೆದವರಿಗೆ ಘೋಷಿಸಿದ್ದಾರೆ. ಸೆನ್ಸರಿನ ಪ್ಲಗ್ಗು ಮೂರನೆಯ ಸಲ ಉಜ್ಜಿಸಿಕೊಂಡು ಬದಿಗೆ ನೇತಾಡುತ್ತಿದೆ.